ಖಂಡಸ್ಫುಟಿತ: ಕೆಟ್ಟ ಯಂತ್ರವೂ ಒಡೆತನದ ಅರ್ಥವೂ



ದತ್ತಿಯೊಂದರ ಆಶ್ರಯದಲ್ಲಿ ಮಾತನಾಡಲು ನಿಂತವನಿಗೆ ದತ್ತಿಯೆಂಬ ಶಬ್ದದ ಹಿಂದಣ ಚರಿತ್ರೆಯನ್ನು ಕ್ಷಣಕಾಲ ನೆನೆಯುವ ಅಧಿಕಾರವುಂಟೆಂದು ಭಾವಿಸುತ್ತೇನೆ. ಕನ್ನಡನಾಡಿನ ಶಿಲಾಶಾಸನಗಳನ್ನು ಓದಿದವರಿಗೆಲ್ಲ ಪರಿಚಿತವಾದ ಒಂದು ಸಮಾಸಪದವಿದೆ. ಚಾಲುಕ್ಯರ ಕಾಲದಲ್ಲಾಗಲಿ ಹೊಯ್ಸಳರ ಕಾಲದಲ್ಲಾಗಲಿ, ಒಬ್ಬ ದಂಡನಾಯಕನೋ ಒಬ್ಬ ಸೆಟ್ಟಿಯೋ ದೇಗುಲವನ್ನೋ ಬಸದಿಯನ್ನೋ ಕಟ್ಟಿಸಿ, ಅದಕ್ಕೆ ಭೂಮಿಯನ್ನು ಧಾರೆಯೆರೆದು ಬಿಡುವಾಗ, ದೇವರ ಅಂಗಭೋಗ ರಂಗಭೋಗಗಳಿಗೆ, ತಪೋಧನರ ಆಹಾರದಾನಕ್ಕೆ ಎಂದು ವಿನಿಯೋಗವನ್ನು ಹೇಳುತ್ತ ಬಂದು, ಅವುಗಳ ಜೊತೆಯಲ್ಲಿಯೇ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ ಎಂಬುದನ್ನೂ ಕಲ್ಲಿನಲ್ಲಿ ಕೊರೆಯಿಸುತ್ತಿದ್ದನು. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು. ಕಲಶವೇರಿದ ಸಂಭ್ರಮದಲ್ಲಿಯೂ, ಈ ಕಟ್ಟಡ ಒಂದು ದಿನ ಬಿರಿಯುವುದೆಂಬುದನ್ನು ಸಂಕೋಚವಿಲ್ಲದೆ ಒಪ್ಪಿಕೊಂಡು, ಬಿರಿದಾಗ ಕೂಡಿಸುವವನ ಕೂಲಿಗೆ ಗದ್ದೆಯನ್ನು ಬಿಟ್ಟುಕೊಟ್ಟ ಆ ಜನರ ವಿವೇಕವನ್ನು ನಾನು ಯೌವನದಲ್ಲಿ ಗಮನಿಸಿರಲಿಲ್ಲ. ಮನೆಯ ಬಟ್ಟೆ ಒಗೆಯುವ ಯಂತ್ರ ಕೆಟ್ಟ ಮೇಲೆ ಗಮನಿಸಿದೆನು.

ಆ ಯಂತ್ರದ ಕಥೆಯನ್ನು ಆಮೇಲೆ ಹೇಳುತ್ತೇನೆ. ನಾನು ಶಾಸನಜ್ಞನಲ್ಲ; ಈ ಊರಿನಲ್ಲಿ ಭೌತಶಾಸ್ತ್ರವನ್ನು ಪಾಠ ಹೇಳಿ ನಿವೃತ್ತನಾದವನು. ಊರನ್ನು ನಾನು ಇನ್ನೂ ಮದರಾಸೆಂದೇ ಕರೆಯುತ್ತೇನೆ. 1996ರಲ್ಲಿ ಅದರ ಹೆಸರು ಚೆನ್ನೈ ಎಂದು ಬದಲಾದಾಗ ನನ್ನ ನಾಲಗೆ ಬದಲಾಗುವ ವಯಸ್ಸನ್ನು ದಾಟಿತ್ತು. ದತ್ತಿ ಉಪನ್ಯಾಸಕ್ಕೆ ಕುಮಾರವ್ಯಾಸನನ್ನೋ ವಚನಕಾರರನ್ನೋ ಆರಿಸಿಕೊಳ್ಳದೆ, ಕೆಟ್ಟುಹೋದ ಫೋನು, ಟಿ.ವಿ., ಮಿಕ್ಸಿಗಳ ದುರಸ್ತಿಯನ್ನೂ ಅವುಗಳ ಬಿಡಿಭಾಗಗಳ ದುರ್ಲಭತೆಯನ್ನೂ ವಿಷಯವಾಗಿ ಆರಿಸಿಕೊಂಡ ಅವಿನಯವನ್ನು ಈ ದತ್ತಿಯನ್ನಿಟ್ಟ ಹಿರಿಯರು ಕ್ಷಮಿಸುವರೆಂದು ನಂಬುತ್ತೇನೆ.

1968ರಲ್ಲಿ ನಾನು ಉಡುಪಿಯ ಕಡೆಯಿಂದ ಇಲ್ಲಿಗೆ ಓದಲು ಬಂದೆ. ಬಂದ ವರ್ಷವೇ ಊರಿನಿಂದ ತಂದೆಯವರ ಒಂದು ಕಾರ್ಡು ಬಂದಿತು. ಕ್ಷೇಮಸಮಾಚಾರ, ಮಳೆಯ ವಿವರ, ಹಸು ಕರು ಹಾಕಿದ ವಾರ್ತೆ, ಇವೆಲ್ಲ ಮುಗಿದ ಬಳಿಕ ಅಂಚಿನಲ್ಲಿ ಒಂದು ಸಾಲು: ರೇಡಿಯೋ ನಿಂತಿದೆ, ಒಳಗೆ ‘ಇ ಜೆಡ್ 80’ ಎಂದು ಬರೆದಿರುವ ವಾಲ್ವು ಬೆಳಗುತ್ತಿಲ್ಲ, ಮದರಾಸಿನಲ್ಲಿ ಸಿಕ್ಕೀತೇ ವಿಚಾರಿಸು. ತಂದೆಯವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ವಿದ್ಯುತ್ತಿನ ವಿಷಯದಲ್ಲಿ ಅವರಿಗಿದ್ದ ಜ್ಞಾನವೆಲ್ಲ ಅದನ್ನು ಮುಟ್ಟಬಾರದೆಂಬಷ್ಟೇ. ಆದರೂ ರೇಡಿಯೋದ ಹಿಂಬದಿಯ ರಟ್ಟನ್ನು ಬಿಚ್ಚಿ, ಐದು ಗಾಜಿನ ಬುರುಡೆಗಳಲ್ಲಿ ಯಾವುದು ಕೆಂಪಗಾಗುತ್ತಿಲ್ಲವೆಂಬುದನ್ನು ನೋಡಿ, ಅದರ ಮೈಮೇಲಿನ ಅಕ್ಷರಗಳನ್ನು ನಕಲು ಮಾಡುವುದು ಅವರಿಗೆ ಸಾಧ್ಯವಾಯಿತು. ನಾನು ಮೌಂಟ್ ರೋಡಿನ ಬದಿಯ ಅಂಗಡಿಯೊಂದಕ್ಕೆ ಹೋಗಿ ಕಾರ್ಡನ್ನು ತೋರಿಸಿದೆ. ಅಂಗಡಿಯವರು ಯಾವ ಕಂಪನಿಯ ರೇಡಿಯೋ ಎಂದು ಕೇಳಲೂ ಇಲ್ಲ. ಹತ್ತಿಯಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬದಲ್ಲಿಟ್ಟ ಆ ವಾಲ್ವು ಮಂಗಳೂರು ಮೇಲ್ ರೈಲಿನಲ್ಲಿ ಊರಿಗೆ ಹೊರಟ ಬಂಧುವೊಬ್ಬರ ಮಡಿಲೇರಿ ಹೋಯಿತು. ಹಳೆಯದನ್ನು ಕಿತ್ತು ಹೊಸದನ್ನು ಒತ್ತಿದಾಗ ಧಾರವಾಡ ಆಕಾಶವಾಣಿ ಮತ್ತೆ ಕೇಳಿಸಿತೆಂದು ಮುಂದಿನ ಕಾರ್ಡು ತಿಳಿಸಿತು.

ಒಂದು ಅಂಚೆ ಕಾರ್ಡಿನ ಅಂಚಿನಲ್ಲಿ ಹಿಡಿಯುವ ಮಾತಿನಿಂದ ನೂರಾರು ಮೈಲಿ ದೂರದ ಯಂತ್ರವೊಂದು ಸರಿಹೋದುದು ಹೇಗೆ? ಉತ್ತರವು ಆ ಅಕ್ಷರಗಳಲ್ಲಿಯೇ ಇತ್ತು. ಯುರೋಪಿನ ತಯಾರಕರು ತಮ್ಮೊಳಗೆ ಒಪ್ಪಿಕೊಂಡಿದ್ದ ಸಂಕೇತದ ಪ್ರಕಾರ ‘ಇ’ ಎಂದರೆ ಒಳಗಿನ ತಂತಿಯನ್ನು ಕಾಯಿಸಲು 6.3 ವೋಲ್ಟು ಬೇಕೆಂದು. ‘ಜೆಡ್’ ಎಂದರೆ ತಿರುಗುಮುರುಗಾದ ವಿದ್ಯುತ್ತನ್ನು ಏಕಮುಖಗೊಳಿಸುವ ಕೆಲಸದ್ದೆಂದು. ಎಂಬತ್ತರ ಸಾಲಿನ ಅಂಕೆಯೆಂದರೆ ಅಡಿಯಲ್ಲಿ ಒಂಬತ್ತು ಕಡ್ಡಿಗಳುಳ್ಳದ್ದೆಂದು. ಹಾಲೆಂಡಿನಲ್ಲಿ ತಯಾರಾದರೂ ಇಂಗ್ಲೆಂಡಿನಲ್ಲಿ ತಯಾರಾದರೂ ಅದೇ ಹೆಸರಿನ ವಾಲ್ವು ಅದೇ ಕುಳಿಯಲ್ಲಿ ಕುಳಿತು ಅದೇ ಕೆಲಸವನ್ನು ಮಾಡುತ್ತಿತ್ತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಮುಂದಿನ ದಶಕದಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿದಾಗ ಹೊಸ ಭಾಷೆಯನ್ನೇನೂ ಹುಟ್ಟಿಸಬೇಕಾಗಲಿಲ್ಲ. ನಮ್ಮ ವೈಯಾಕರಣರು ನಾಮಪದಗಳನ್ನು ರೂಢ, ಅನ್ವರ್ಥ, ಅಂಕಿತ ಎಂದು ಮೂರಾಗಿ ವಿಂಗಡಿಸಿದ್ದಾರಷ್ಟೆ; ವಾಲ್ವಿನ ಮೈಮೇಲಿದ್ದುದು ಅನ್ವರ್ಥನಾಮ. ತಾನು ಏನೆಂಬುದನ್ನೂ ತನ್ನ ಬದಲಿಗೆ ಯಾವುದನ್ನು ಕೂರಿಸಬಹುದೆಂಬುದನ್ನೂ ಅದು ತಾನೇ ಹೇಳುತ್ತಿತ್ತು.

ಈಗಿನ ಬಿಡಿಭಾಗದ ಮೈಮೇಲೆ ಇರುವುದು ಅಂಕಿತನಾಮ. ಕೆಲವು ಕಂಪನಿಗಳ ಫೋನಿನ ಪರದೆಗೂ ಬ್ಯಾಟರಿಗೂ ಕ್ಯಾಮರಾಕ್ಕೂ ಒಂದೊಂದು ಕ್ರಮಸಂಖ್ಯೆಯಿದ್ದು, ಅದು ಆ ಫೋನಿನ ಮದರ್‌ಬೋರ್ಡಿನ ಸ್ಮೃತಿಯಲ್ಲಿ ಬರೆಯಲ್ಪಟ್ಟಿರುತ್ತದೆ. ಅದೇ ಕಾರ್ಖಾನೆಯಲ್ಲಿ, ಅದೇ ದಿನ, ಅದೇ ಕೈಗಳಿಂದ ತಯಾರಾದ ಮತ್ತೊಂದು ಪರದೆಯನ್ನು ತಂದು ಜೋಡಿಸಿದರೂ, ಕಂಪನಿಯ ತಂತ್ರಾಂಶವು ಬಂದು ಆ ಎರಡಕ್ಕೂ ವಿವಾಹವನ್ನು ವಿಧಿಪೂರ್ವಕವಾಗಿ ನೆರವೇರಿಸಿದ ಹೊರತು, ಫೋನು ಅದನ್ನು ಪರಕೀಯವೆಂದು ಗುರುತಿಸಿ, ಎಚ್ಚರಿಕೆಯ ಮಾತನ್ನು ತೋರಿಸುತ್ತದೆ; ಅಥವಾ ಯಾವುದೋ ಒಂದು ಸೌಕರ್ಯವನ್ನು ಸದ್ದಿಲ್ಲದೆ ನಿಲ್ಲಿಸಿಬಿಡುತ್ತದೆ. 2021ರಲ್ಲಿ ಐಫೋನ್ 13 ಬಂದಾಗ, ಹೊರಗಿನವರು ಪರದೆಯನ್ನು ಬದಲಿಸಿದರೆ ಮುಖವನ್ನು ನೋಡಿ ಬೀಗ ತೆಗೆಯುವ ವ್ಯವಸ್ಥೆ ನಿಂತುಹೋಗುತ್ತಿತ್ತು. ಇದರಿಂದ ಪಾರಾಗಲು ದುರಸ್ತಿಗಾರರು ಹಳೆಯ ಪರದೆಗೆ ಅಂಟಿಕೊಂಡಿದ್ದ ಸಾಸುವೆಯಂಥ ಐಸಿಯೊಂದನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ಬೆಸುಗೆ ಬಿಡಿಸಿ ಹೊಸ ಪರದೆಗೆ ಕೂರಿಸಬೇಕಾಯಿತು. ಲೋಕದಲ್ಲಿ ಗದ್ದಲವಾದ ಮೇಲೆ ಕಂಪನಿ ಆ ಕಟ್ಟನ್ನು ಸಡಿಲಿಸಿತು. ಗದ್ದಲವಾಗದಿದ್ದ ಕಟ್ಟುಗಳು ಹಾಗೆಯೇ ಉಳಿದವು.

ಇದಕ್ಕಿಂತ ಸ್ಥೂಲವಾದ ಅಡ್ಡಿಗಳೂ ಇವೆ: ಸಾಮಾನ್ಯ ತಿರುಪುಳಿ ಹಿಡಿಯದಂತೆ ಐದು ದಳದ ತಲೆಯನ್ನು ಕೊಟ್ಟ ತಿರುಪುಮೊಳೆಗಳು, ಬ್ಯಾಟರಿಯನ್ನು ಮೈಗೆ ಬಲವಾಗಿ ಹತ್ತಿಸುವ ಅಂಟು, ಗಾಜು ಮಾತ್ರ ಒಡೆದಿದ್ದರೂ ಟಚ್ಚು ಡಿಸ್‌ಪ್ಲೇಗಳೆರಡನ್ನೂ ಕೂಡಿಸಿ ‘ಕಾಂಬೋ’ ಎಂದು ಕೊಳ್ಳಲೇಬೇಕಾದ ನಿರ್ಬಂಧ. ಇವನ್ನು ಬಲ್ಲವರು ಸಭೆಯಲ್ಲಿಯೇ ಬಹಳ ಮಂದಿ ಇದ್ದೀರಿ. ನನ್ನ ದೃಷ್ಟಿಯಲ್ಲಿ ಇವುಗಳೆಲ್ಲಕ್ಕಿಂತ ಹೆಚ್ಚಿನ ಅನ್ಯಾಯವೆಂದರೆ ನಕ್ಷೆಯ ಅಭಾವ. ಒಂದು ಕಾಲದಲ್ಲಿ ರೇಡಿಯೋದ ಪೆಟ್ಟಿಗೆಯೊಳಗೇ ಸರ್ಕ್ಯೂಟಿನ ಚಿತ್ರವನ್ನು ಅಂಟಿಸಿಕೊಡುವ ತಯಾರಕರಿದ್ದರು. ಇಂದು ರಿಚಿ ಸ್ಟ್ರೀಟಿನ ಹುಡುಗನೊಬ್ಬನಿಗೆ ಫೋನಿನ ಬೋರ್ಡಿನ ನಕ್ಷೆ ದೊರೆಯುವುದು ಎಲ್ಲಿಂದಲೋ ಸೋರಿ ಬಂದ ಕಡತದ ರೂಪದಲ್ಲಿ; ವಿದ್ಯಾರ್ಥಿಯು ಪಠ್ಯಪುಸ್ತಕವನ್ನು ಕಳ್ಳಮಾಲಿನಂತೆ ಬಚ್ಚಿಟ್ಟುಕೊಂಡು ಓದಬೇಕಾದ ವಿದ್ಯೆ ಇದೊಂದೇ ಇರಬೇಕು.

ರಿಚಿ ಸ್ಟ್ರೀಟಿನ ಹೆಸರು ಬಂದುದರಿಂದ ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮೌಂಟ್ ರೋಡಿನಿಂದ ಒಳಕ್ಕೆ ತಿರುಗಿದರೆ, ಚಿಂತಾದ್ರಿಪೇಟೆಯ ಮಗ್ಗುಲಲ್ಲಿ, ನರಸಿಂಗಪುರಂ ಬೀದಿಯೇ ಮೊದಲಾದ ಓಣಿಗಳೊಡನೆ ಹೆಣೆದುಕೊಂಡಿರುವ ಈ ಎಲೆಕ್ಟ್ರಾನಿಕ್ ಸಾಮಾನಿನ ಪೇಟೆ, ದೆಹಲಿಯ ನೆಹರೂ ಪ್ಲೇಸಿನ ಬಳಿಕ ದೇಶದಲ್ಲಿಯೇ ದೊಡ್ಡದೆಂದು ಇಲ್ಲಿಯವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ; ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಕಂಡವರಿಗೆ ಅದರ ಸ್ವರೂಪವನ್ನು ವರ್ಣಿಸಬೇಕಾಗಿಲ್ಲ. ಚಿಂತಾದ್ರಿಪೇಟೆ 1734ರಲ್ಲಿ ಗವರ್ನರ್ ಮಾರ್ಟನ್ ಪಿಟ್ಟನ ಕಾಲದಲ್ಲಿ ನೇಕಾರರಿಗಾಗಿ ಕಟ್ಟಿಸಿದ ಪೇಟೆ. ಚಿನ್ನ ತರಿ ಪೇಟೆ, ಎಂದರೆ ಸಣ್ಣ ಮಗ್ಗಗಳ ಪೇಟೆ ಎಂಬುದೇ ಅದರ ಹೆಸರಿನ ಮೂಲವೆನ್ನುತ್ತಾರೆ. ತನ್ನ ಉಪಕರಣ ಕೆಟ್ಟರೆ ತಾನೇ ಕಟ್ಟಿಕೊಳ್ಳುತ್ತಿದ್ದ ಕಸಬಿನವರ ನೆರೆಯಲ್ಲಿ ದುರಸ್ತಿಯ ಪೇಟೆಯೊಂದು ಬೆಳೆದುದನ್ನು ಯದೃಚ್ಛೆಯೆಂದೇ ತಿಳಿದರೂ ನನಗೆ ಅದರಲ್ಲಿ ಸಂತೋಷವಿದೆ. ಊರಿನಲ್ಲಿ ಇಂತಹ ಪೇಟೆಗಳು ಬೇರೆಯೂ ಇದ್ದುವು. ಹಳೆಯ ಗ್ರಾಮಫೋನುಗಳನ್ನೂ ಹಳೆಯ ಪುಸ್ತಕಗಳನ್ನೂ ಒಂದೇ ಸೂರಿನಡಿಯಲ್ಲಿ ಮಾರುತ್ತಿದ್ದ ಮೂರ್ ಮಾರ್ಕೆಟ್ಟು 1985ರಲ್ಲಿ ಸುಟ್ಟುಹೋಯಿತು. ಬರ್ಮಾದಿಂದ ನಿರಾಶ್ರಿತರಾಗಿ ಬಂದವರಿಗೆಂದು 1969ರಲ್ಲಿ ಬೀಚ್ ರಸ್ತೆಯಲ್ಲಿ ಅಂಗಡಿಗಳನ್ನು ಕೊಟ್ಟುದರಿಂದ ಹುಟ್ಟಿದ ಬರ್ಮಾ ಬಜಾರು, ಹೊರದೇಶದ ಟೇಪ್ ರೆಕಾರ್ಡರುಗಳು ಕಾನೂನಿನ ಹಿತ್ತಿಲಬಾಗಿಲಿನಿಂದ ಬರುತ್ತಿದ್ದ ದಿನಗಳಲ್ಲಿ ಬಾಳಿತು. ಅವುಗಳನ್ನು ತಯಾರಿಸಿದವರು ಇಲ್ಲಿ ಸೇವಾಕೇಂದ್ರವನ್ನಿಟ್ಟಿರಲಿಲ್ಲವಾದ್ದರಿಂದ, ಅವುಗಳ ಬೆಲ್ಟು, ಹೆಡ್ಡು, ಮೋಟಾರುಗಳಿಗೆ ಬದಲಿಯನ್ನು ಹುಡುಕುವ ಬುದ್ಧಿಯನ್ನು ಈ ಊರಿನ ಕೈಗಳು ತಾವೇ ಕಲಿತುಕೊಂಡವು.

ಈ ಕೈಗಳ ನಿಪುಣತೆಗೆ ಈಗ ಆಹಾರವಾಗಿರುವುದು ಸತ್ತ ಬೋರ್ಡುಗಳು. ಹತ್ತು ಕೆಟ್ಟ ಫೋನುಗಳನ್ನು ಕೊಂಡು, ಅವುಗಳಿಂದ ಜೀವವಿರುವ ಐಸಿಗಳನ್ನು ಬಿಸಿಗಾಳಿಯಿಂದ ಎಬ್ಬಿಸಿ ಒಂದು ಫೋನನ್ನು ಬದುಕಿಸುವುದು ಇಲ್ಲಿಯ ನಿತ್ಯವ್ಯಾಪಾರ. ಹೊಸ ಐಸಿಯನ್ನು ತಯಾರಿಸುವವನು ಅದನ್ನು ಫೋನಿನ ಕಂಪನಿಗೆ ಮಾತ್ರ ಮಾರುವ ಕರಾರಿಗೆ ಒಳಗಾಗಿದ್ದರೆ, ಬೇರೆ ದಾರಿ ತಾನೆ ಯಾವುದು? ಇದರಲ್ಲಿ ಒಂದು ವಿಡಂಬನೆಯಿದೆ. ರಿಚಿ ಸ್ಟ್ರೀಟಿನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಶ್ರೀಪೆರುಂಬುದೂರು. ರಾಮಾನುಜಾಚಾರ್ಯರು ಹುಟ್ಟಿದ ಕ್ಷೇತ್ರ. ಅಲ್ಲಿ ನೋಕಿಯಾ ಕಂಪನಿ 2006ರಿಂದ 2014ರ ವರೆಗೆ ಫೋನುಗಳನ್ನು ತಯಾರಿಸಿತು. ಈಗ ಫಾಕ್ಸ್‌ಕಾನ್ ಸಂಸ್ಥೆ ಐಫೋನುಗಳನ್ನು ಜೋಡಿಸುತ್ತದೆ. ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೂ ಅದೇ ಉದ್ಯೋಗ ನಡೆಯುತ್ತಿದೆ. ಜೋಡಿಸುವ ಕೆಲಸಕ್ಕೆ ಸಾವಿರಗಟ್ಟಲೆ ಹೆಣ್ಣುಮಕ್ಕಳನ್ನು ಬಸ್ಸುಗಳಲ್ಲಿ ಕರೆತರುತ್ತಾರೆ. ಆ ಕಾರ್ಖಾನೆಗಳಲ್ಲಿ ರಾಶಿರಾಶಿಯಾಗಿ ಇರುವ ಭಾಗವೇ ಈ ಬೀದಿಯ ದುರಸ್ತಿಗಾರನಿಗೆ ಬೇಕಾದರೆ, ಒಂದೋ ಅದು ಚೀನಾದ ಷೆನ್‌ಜೆನ್‌ನಿಂದ ಸುತ್ತಿ ಬರಬೇಕು, ಇಲ್ಲವೆ ಮತ್ತೊಂದು ಫೋನಿನ ಶವದಿಂದ ಕೀಳಬೇಕು.

ಕಂಪನಿಗಳ ಪಕ್ಷದಲ್ಲಿ ಹೇಳತಕ್ಕ ಮಾತುಗಳೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಬಿಡಿಭಾಗಕ್ಕೆ ಗುರುತಿದ್ದರೆ ಕದ್ದ ಫೋನನ್ನು ಕಡಿದು ಮಾರುವವನಿಗೆ ಲಾಭ ಕಡಿಮೆಯಾಗುವುದು ನಿಜ. ನೀರು ನುಗ್ಗದಂತೆ ಮುಚ್ಚಿದ ಪೆಟ್ಟಿಗೆಯನ್ನು ಸುಲಭವಾಗಿ ಬಿಚ್ಚುವಂತೆಯೂ ಮಾಡುವುದು ಕಷ್ಟವೆಂಬುದೂ ನಿಜವೇ. ಲಿಥಿಯಂ ಬ್ಯಾಟರಿಯಂತೂ ಆಟದ ವಸ್ತುವಲ್ಲ. ಕಳಪೆಯದು ಊದಿಕೊಂಡು ಬೆಂಕಿ ಹತ್ತಿಕೊಳ್ಳಬಲ್ಲುದು. ‘ಒರಿಜಿನಲ್ ಸಾರ್’ ಎಂದು ಆಣೆಯಿಟ್ಟು ನಕಲಿಯನ್ನು ಕೊಟ್ಟ ಅಂಗಡಿಯವರನ್ನು ನಾನೂ ಕಂಡಿದ್ದೇನೆ. ಆದರೆ ಅಸಲಿಯನ್ನು ಬಾಗಿಲಲ್ಲಿ ತಡೆದವರು ನಕಲಿಯ ಹಾವಳಿಯನ್ನು ಕುರಿತು ದುಃಖಿಸುವಾಗ, ಬಾವಿಗೆ ಬೀಗ ಹಾಕಿ ಊರವರು ಹಳ್ಳದ ನೀರು ಕುಡಿಯುತ್ತಾರೆಂದು ಮರುಗಿದ ಗೌಡನ ನೆನಪಾಗದೆ ಇರದು.

ಇನ್ನು ಕಾನೂನಿನ ಮಾತು. ಹಳೆಯ ಕ್ರಯಪತ್ರಗಳಲ್ಲಿ ಭೂಮಿಯನ್ನು ‘ಅಷ್ಟಭೋಗ ತೇಜಸ್ವಾಮ್ಯ’ ಸಹಿತವಾಗಿ ಕೊಡುವ ಪದ್ಧತಿಯಿತ್ತು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಈಗಾಗಲೇ ಕೈಗೂಡಿದುದು ಸಿದ್ಧ. ಇನ್ನು ಮುಂದೆ ಕೈಗೂಡಿಸಿಕೊಳ್ಳಬಹುದಾದುದು ಸಾಧ್ಯ. ಇಂದು ಎಂಬತ್ತು ಸಾವಿರ ರೂಪಾಯಿ ಕೊಟ್ಟು ಫೋನನ್ನು ಕೊಂಡವನಿಗೆ ಗಾಜು ಲೋಹಗಳ ಸಿದ್ಧವಸ್ತುವೊಂದು ಬರುತ್ತದೆಯೇ ಹೊರತು ಸಾಧ್ಯವು ಬರುವುದಿಲ್ಲ. ಒಳಗಿನ ತಂತ್ರಾಂಶವನ್ನು ಮಾರಿಲ್ಲ, ಬಳಸಲು ಅನುಮತಿ ಮಾತ್ರ ಕೊಟ್ಟಿದೆ ಎಂದು ಯಾರೂ ಓದದ ಕರಾರಿನಲ್ಲಿ ಬರೆದಿರುತ್ತದೆ. 2012ರಲ್ಲಿ ನಮ್ಮ ಕೃತಿಸ್ವಾಮ್ಯದ ಅಧಿನಿಯಮಕ್ಕೆ ಸೇರಿಸಿದ 65ಎ ಪ್ರಕರಣವು, ಕೃತಿಯನ್ನು ಕದಿಯುವ ಉದ್ದೇಶದಿಂದ ತಾಂತ್ರಿಕ ಬೀಗವನ್ನು ಒಡೆಯುವುದನ್ನು ಅಪರಾಧವೆನ್ನುತ್ತದೆ. ಸಂಶೋಧನೆ, ತನಿಖೆ, ಭದ್ರತೆಯ ಪರೀಕ್ಷೆ ಮೊದಲಾದ ವಿನಾಯಿತಿಗಳ ಸಾಲಿನಲ್ಲಿ ದುರಸ್ತಿಯೆಂಬ ಶಬ್ದವನ್ನು ನಾನು ಹುಡುಕಿದೆ, ಅದು ಅಲ್ಲಿಲ್ಲ. ಕದಿಯುವ ಉದ್ದೇಶವಿಲ್ಲದ ದುರಸ್ತಿಗಾರನು ತಪ್ಪಿತಸ್ಥನಲ್ಲವೆಂದು ವಕೀಲರು ವಾದಿಸಬಹುದು. ಸ್ಟೂಲಿನ ಮೇಲೆ ಕುಳಿತು ಬೆಸುಗೆ ಹಾಕುವವನು ವಕೀಲರನ್ನು ಇಟ್ಟುಕೊಂಡಿರುವುದಿಲ್ಲ.

ನಮ್ಮ ದೇಶದಲ್ಲಿ ಬಿಡಿಭಾಗಗಳ ಪ್ರಶ್ನೆ ಮೊದಲು ಘನವಾಗಿ ವಿಚಾರಣೆಗೆ ಬಂದುದು ಮೋಟಾರು ಕಾರುಗಳ ಸಂಬಂಧದಲ್ಲಿ. ಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದುದಕ್ಕಾಗಿ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಮೀರಿದ ದಂಡವನ್ನು ವಿಧಿಸಿತು. ವಿಷಯ ಮೇಲ್ಮನವಿಗೆ ಹೋಯಿತು. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯನ್ನು ರಚಿಸಿ, ಕೃಷಿಯಂತ್ರ, ಫೋನು ಟ್ಯಾಬ್ಲೆಟ್ಟುಗಳು, ಗೃಹೋಪಕರಣ, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಆರಿಸಿಕೊಂಡಿತು. ಆ ವರ್ಷದ ಡಿಸೆಂಬರ್ 24ರಂದು ಇದಕ್ಕಾಗಿ ಜಾಲತಾಣವೂ ತೆರೆಯಿತು. ಅದರಲ್ಲಿ ಸೇರುವುದು ಕಂಪನಿಗಳ ಇಚ್ಛೆಗೆ ಬಿಟ್ಟುದು. 2024ರಲ್ಲಿ ರಚಿತವಾದ ಇನ್ನೊಂದು ಸಮಿತಿ, ಬಿಚ್ಚುವ ಸುಲಭತೆ, ಮಾಹಿತಿ, ಬಿಡಿಭಾಗಗಳ ಲಭ್ಯತೆ, ತಂತ್ರಾಂಶದ ನವೀಕರಣ, ಉಪಕರಣ, ತಿರುಪು ಇವುಗಳನ್ನು ಅಳೆದು ಪ್ರತಿ ವಸ್ತುವಿಗೂ ಅಂಕವನ್ನು ಕೊಡಬೇಕೆಂದು 2025ರ ಮೇ ತಿಂಗಳಲ್ಲಿ ವರದಿಯನ್ನೊಪ್ಪಿಸಿತು. ಫ್ರಾನ್ಸ್ ದೇಶ ಇಂತಹ ಅಂಕಪದ್ಧತಿಯನ್ನು 2021ರಲ್ಲಿಯೇ ಜಾರಿಗೆ ತಂದಿತ್ತು. ಅಂಕಗಳನ್ನು ಕೊಡುತ್ತಲೇ ಜೀವಮಾನವನ್ನು ಕಳೆದ ಮೇಷ್ಟ್ರು ನಾನು. ಫೇಲಾದವನಿಗೆ ಏನೂ ಆಗದಿದ್ದರೆ ಅಂಕಗಳಿಗಿರುವ ಗೌರವವೆಷ್ಟೆಂಬುದನ್ನು ಬಲ್ಲೆ.

ಯುರೋಪಿನ ಒಕ್ಕೂಟದಲ್ಲಿ ಮಾತು ಖಚಿತವಾಗಿದೆ. 2021ರ ಮಾರ್ಚಿನಿಂದ ಅಲ್ಲಿ ಬಟ್ಟೆ ಒಗೆಯುವ ಯಂತ್ರದ ಮಾದರಿಯ ಮಾರಾಟ ನಿಂತ ಮೇಲೆಯೂ ಮುಖ್ಯಭಾಗಗಳನ್ನು ಹತ್ತು ವರ್ಷ ಒದಗಿಸಬೇಕು, ಟಿ.ವಿ.ಯ ಭಾಗಗಳನ್ನು ಏಳು ವರ್ಷ. 2025ರ ಜೂನ್ 20ರಿಂದ ಫೋನುಗಳಿಗೂ ಏಳು ವರ್ಷದ ನಿಯಮ ಬಂದಿದೆ. ಭಾಗಗಳಿಗೆ ಅಂಕಿತನಾಮದ ಬೀಗ ಹಾಕುವುದನ್ನು ಅಮೆರಿಕದ ಆರಿಗನ್ ರಾಜ್ಯ 2024ರ ಶಾಸನದಿಂದ ನಿಷೇಧಿಸಿತು. ಒಂದೇ ಮಾದರಿಯ ಯಂತ್ರವನ್ನು ಜರ್ಮನಿಯಲ್ಲಿ ಕೊಂಡವನಿಗೆ ಹತ್ತು ವರ್ಷದ ಆಸರೆಯಿದ್ದು, ಮೈಲಾಪುರದಲ್ಲಿ ಕೊಂಡವನಿಗೆ ಇಲ್ಲವೆಂದರೆ, ಮೈಲಾಪುರದವನು ತೆತ್ತುದು ಯಾವುದಕ್ಕೆ? ಮಾರಾಟದ ದಿನವೇ ಖಂಡಸ್ಫುಟಿತದ ಅವಧಿಯನ್ನು ಪೆಟ್ಟಿಗೆಯ ಮೇಲೆ ಮುದ್ರಿಸಬೇಕು, ಸರ್ಕ್ಯೂಟಿನ ನಕ್ಷೆಯನ್ನು ಬಹಿರಂಗವಾಗಿಡಬೇಕು, ಬಿಡಿಭಾಗಕ್ಕೆ ಮತ್ತೆ ಅನ್ವರ್ಥನಾಮವನ್ನು ಕೊಡಬೇಕು: ಇವಿಷ್ಟನ್ನು ಕಾನೂನು ಕಡ್ಡಾಯವಾಗಿ ವಿಧಿಸಲಿ ಎಂಬುದು ನನ್ನ ಕೋರಿಕೆ.

ಆ ಬಟ್ಟೆ ಒಗೆಯುವ ಯಂತ್ರದ ಕಥೆ ಬಾಕಿಯುಳಿದಿದೆ. 2015ರ ಡಿಸೆಂಬರ್ ಮೊದಲ ವಾರದಲ್ಲಿ ಅಡಯಾರು ನದಿ ದಡಮೀರಿ ಊರನ್ನು ಹೊಕ್ಕುದನ್ನು ಇಲ್ಲಿರುವವರಾರೂ ಮರೆತಿಲ್ಲ. ಕೋಟ್ಟೂರುಪುರದ ನಮ್ಮ ನೆಲ ಅಂತಸ್ತಿನ ಮನೆಯಲ್ಲಿ ನೀರು ಎದೆಮಟ್ಟಕ್ಕೆ ನಿಂತು ಇಳಿದ ಮೇಲೆ, ಬೀದಿಯ ಉದ್ದಕ್ಕೂ ಫ್ರಿಜ್ಜುಗಳೂ ಟಿ.ವಿ.ಗಳೂ ಬಿಸಿಲಿಗೆ ಹೊಟ್ಟೆ ತೆರೆದುಕೊಂಡು ಸಾಲಾಗಿ ನಿಂತಿದ್ದುವು. ನಮ್ಮ ಯಂತ್ರವನ್ನು ತಯಾರಿಸಿದ ಕಂಪನಿಯವರು ಬಂದು ನೋಡಿ, ಬೋರ್ಡು ಹೋಗಿದೆ, ಈ ಮಾದರಿಯ ಬೋರ್ಡು ಈಗ ಬರುವುದಿಲ್ಲ, ಹಳೆಯದನ್ನು ಕೊಟ್ಟು ಹೊಸ ಯಂತ್ರವನ್ನು ಕೊಂಡರೆ ರಿಯಾಯಿತಿಯುಂಟು ಎಂದರು. ಯಂತ್ರಕ್ಕೆ ಆಗ ಐದು ವರ್ಷ. ನಾನು ಬೋರ್ಡನ್ನು ಬಿಚ್ಚಿಸಿ ಕೈಚೀಲದಲ್ಲಿ ಹಾಕಿಕೊಂಡು ರಿಚಿ ಸ್ಟ್ರೀಟಿನ ಮಹಡಿಯ ಮೇಲಿನ ಒಂದು ಕೋಣೆಗೆ ಹೋದೆನು. ಅಲ್ಲಿ ಆ ವಾರ ಕೆಸರಿನ ವಾಸನೆಯ ಬೋರ್ಡುಗಳು ಕಾಯಿಪಲ್ಯದ ಬುಟ್ಟಿಗಳಲ್ಲಿ ತುಂಬಿದ್ದುವು. ನಮ್ಮ ಬೋರ್ಡಿನ ಮೇಲೆ ನೀರು ಸೋಕದಿರಲೆಂದು ಕಾರ್ಖಾನೆಯವರು ಗಟ್ಟಿಯಾದ ರಾಳವನ್ನು ಎರಕ ಹೊಯ್ದಿದ್ದರು. ನೀರು ಅಂಚಿನಿಂದ ನುಸುಳಿತ್ತು, ಆದರೆ ದುರಸ್ತಿಗಾರನ ಕೈ ನುಸುಳುವಂತಿರಲಿಲ್ಲ. ಇಪ್ಪತ್ತೈದು ವರ್ಷದವನಿರಬಹುದಾದ ಆ ಹುಡುಗನು ಬಿಸಿಗಾಳಿಯಿಂದ ರಾಳವನ್ನು ಮೆತ್ತಗೆ ಮಾಡಿ, ಹಲ್ಲಿನ ವೈದ್ಯರ ಕೊಕ್ಕೆಯಂಥದೊಂದರಿಂದ ಮೂರು ಗಂಟೆಯ ಕಾಲ ಕೆರೆದು, ಕಪ್ಪಾದ ಒಂದು ರಿಲೇಯನ್ನು ಹೊರತೆಗೆದನು. ಅದರ ಬೆಲೆ 40 ರೂಪಾಯಿ.

ಹೊಸ ರಿಲೇಯನ್ನು ಬೆಸೆದಾದ ಮೇಲೆ ಅವನು ಗುಂಡಿಯನ್ನು ಮತ್ತೆ ರಾಳದಿಂದ ತುಂಬಲಿಲ್ಲ. ಎಳೆದರೆ ಸಿಪ್ಪೆಯಂತೆ ಏಳುವ ಸಿಲಿಕೋನ್ ಅಂಟನ್ನು ಮೆತ್ತಿದನು. ಏಕೆಂದು ಕೇಳಿದುದಕ್ಕೆ, ನಾಳೆ ಇದನ್ನು ತೆರೆಯುವವನಿಗೂ ಮೂರು ಗಂಟೆ ಹಿಡಿಯುವುದು ಬೇಡವಲ್ಲ ಸಾರ್ ಎಂದು ತಮಿಳಿನಲ್ಲಿ ಹೇಳಿ, ಬೋರ್ಡನ್ನು ಮುಚ್ಚುವ ಪ್ಲಾಸ್ಟಿಕ್ ಮುಚ್ಚಳದ ಒಳಮೈಯಲ್ಲಿ ಕಪ್ಪು ಶಾಯಿಯ ಪೆನ್ನಿನಿಂದ ರಿಲೇಯ ನಂಬರನ್ನೂ ಎಷ್ಟು ವೋಲ್ಟಿನದೆಂಬುದನ್ನೂ ಬರೆದನು. ಒಣಗಲೆಂದು ಎರಡು ಸಲ ಊದಿ, ಚೀಲದಲ್ಲಿಟ್ಟು ಕೊಟ್ಟನು.